ಡ್ಯಾಶ್ ಪಿ ಅಂದರೆ ಪರಾತ

ನನಗೆ ಇಂಗ್ಲಿಷಿನ ಆರು ಅಕ್ಷರ ಬರುತ್ತವೆ. ಸಾಲಿ ಕಲಿತವರಿಗೆ ಅವು ಎ ಬಿ ಸಿ ಡಿ ಎಂದು ಸಾಲಾಗಿ ಬಂದರೆ ನನಗೆ ಡಿ ವಿ ಬಿ ಟಿ ಓ ಪಿ ಎಂದು ಬರುತ್ತವೆ. ನಡುವೆ ಏನೇನಿವೆಯೋ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ಆಸೆಯೂ ಇಲ್ಲ.

ಮೊನ್ನೆ ಗೋಕಾಕದ ಪೇಟೆಯಲ್ಲಿ ಬಿಸಿಲು ತಾಳದೆ ಒಂದು ಅಂಗಡಿಯ ನೆರಳಿಗೆ ನಿಂತಿದ್ದೆ. ಎದುರಿಗೆ ಗಾಡಿ ನಿಲ್ಲಿಸುವ ಜಾಗದಲ್ಲಿ ಒಂದು ತಗಡಿನ ಫಲಕ, ಅದರ ಮೇಲೆ ಒಂದೇ ಅಕ್ಷರ. "ಪರಾತ" ಎಂದೆ. ಗಟ್ಟಿಯಾಗಿಯೇ ಅಂದಿರಬೇಕು. ಬಾಜೂ ನಿಂತಿದ್ದ ಕಾಲೇಜಿನ ಹುಡುಗಿ, "ಅಜ್ಜಿ, ಅದು ಪಾರ್ಕಿಂಗ್ ರಿ, ಪರಾತ ಅಲ್ಲ" ಎಂದು ನಕ್ಕಳು. ನಗಲಿ, ಹಲ್ಲು ಚೆನ್ನಾಗಿದ್ದವು. ಆದರೆ ನನ್ನ ಮಟ್ಟಿಗೆ ಅದು ಪರಾತವೇ, ಹಿಟ್ಟು ನಾದುವ ಅಗಲವಾದ ಹಿತ್ತಾಳೆ ಪಾತ್ರೆ. ಹಾಗೆಯೇ ಡಿ ಅಂದರೆ ಡಬ್ಬಿ, ಟಿ ಅಂದರೆ ತಂಬಿಗೆ. ಇವನ್ನು ನಾನು ಕಲಿತದ್ದು ಸಾಲಿಯಲ್ಲಲ್ಲ, ನನ್ನ ಮಗನ ಹಾಸಿಗೆಯ ಪಕ್ಕದಲ್ಲಿ ಕೂತು. ಅವನ ಹೆಸರು ಬಸವರಾಜ. ಈಗಿಲ್ಲ.

ಸಾಲಿಯ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ನನ್ನ ತವರು ಅಂಕಲಗಿ. ಅಲ್ಲಿ ಮೂರನೆಯ ಇಯತ್ತೆಯವರೆಗೆ ಓದಿದ್ದೇನೆ. ಓದಿದ್ದೇನೆ ಅನ್ನುವುದಕ್ಕಿಂತ ಬಾಗಿಲ ಬಳಿ ನಿಂತಿದ್ದೇನೆ ಅನ್ನಬೇಕು, ಯಾಕೆಂದರೆ ಸೊಂಟದ ಮೇಲೆ ಸದಾ ತಮ್ಮ ಇರುತ್ತಿದ್ದ. ಅವನು ಅತ್ತರೆ ಹೊರಗೆ, ಸುಮ್ಮನಾದರೆ ಒಳಗೆ. ಹೀಗಾಗಿ ನನ್ನ ಲೆಕ್ಕ, ಇತಿಹಾಸ ಎಲ್ಲ ಹೊರಗೇ ಉಳಿದವು. ಆದರೆ ಕಾಗುಣಿತವನ್ನು ಮಾಸ್ತರರು ಎಷ್ಟು ಗಟ್ಟಿಯಾಗಿ ಹೇಳಿಸುತ್ತಿದ್ದರೆಂದರೆ ಅಂಗಳದಲ್ಲಿ ನಿಂತವರಿಗೂ ಬರುತ್ತಿತ್ತು. ಕ ಕಾ ಕಿ ಕೀ ಎಂದು ಶುರುಮಾಡಿ ಉಸಿರು ಬಿಡದೆ ಒಪ್ಪಿಸುತ್ತಿದ್ದೆ. ತಮ್ಮ ಅದನ್ನು ಕೇಳುತ್ತಲೇ ನಿದ್ದೆ ಹೋಗುತ್ತಿದ್ದ. ಮುಂದೆ ನನ್ನ ಮಕ್ಕಳಿಗೂ ಅದೇ ಜೋಗುಳವಾಯಿತು. ಬೇರೆ ಹಾಡು ನನಗೆ ಬರುತ್ತಿರಲಿಲ್ಲ.

ಬಸು ಅದನ್ನು ಕೇಳಿಯೇ ಬೆಳೆದ. ಕನ್ನಡ ಸಾಲಿಯಲ್ಲಿ ಮುಂದಿದ್ದ. ಅವನ ಅಪ್ಪ ಹತ್ತಿ ಗಿರಣಿಯಲ್ಲಿ ನೂಲಿನ ಖಾತೆಯಲ್ಲಿದ್ದರು. ಗಿರಣಿಯ ಭೋಂಗಾ ಕೂಗಿದರೆ ಏಳಬೇಕು, ಕೂಗಿದರೆ ಉಣ್ಣಬೇಕು. ಮಗನಿಗೆ ಅದು ಬೇಡವೆಂದು ಓದಿಸಿದರು. ಮುಂದೆ ಕಂಪ್ಯೂಟರಿನ ಕಲಿಕೆಗೆ ಹಚ್ಚಿದಾಗ ಅವನು ಒಂದು ವಿಷಯದಲ್ಲಿ ಸತತವಾಗಿ ನಪಾಸಾದ. ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದ. "ಬುದ್ಧಿ ಐತಿ ಅವ್ವಾ, ಪುಸ್ತಕದಾಗಿನ ಇಂಗ್ಲಿಷ್ ತಲ್ಯಾಗ ಇಳಿಯೂದಿಲ್ಲ" ಎಂದ. "ಮತ್ತ ಇಳಿಸು. ಅತ್ರ ಇಳಿತೈತೇನು" ಎಂದೆ. ಇಳಿಸಿದ. ಪಾಸಾಗಿ, ಹುಕ್ಕೇರಿಯ ಒಂದು ಕಾಲೇಜಿನಲ್ಲಿ ಅದೇ ವಿಷಯ ಕಲಿಸುವ ಮಾಸ್ತರನಾದ. ಗೋಕಾಕದಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ.

ಅಲ್ಲಿ ಅವನ ಮುಂದೆ ಕೂಡುತ್ತಿದ್ದ ಹುಡುಗರೂ ಅವನಂಥವರೇ. ಕನ್ನಡದಲ್ಲಿ ಜಾಣರು, ಇಂಗ್ಲಿಷ್ ಪುಸ್ತಕ ತೆರೆದರೆ ದಡ್ಡರು. ಅವರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಪುಸ್ತಕ ಬರೆಯಬೇಕೆಂದು ಅವನಿಗೆ ಹಟ ಬಂತು. ಬೈಸನ್ ಎಂಬ ಸಾಧನವನ್ನು ಬಳಸುವುದು ಹೇಗೆ ಎಂಬುದೇ ಪುಸ್ತಕದ ವಿಷಯ. ಬೈಸನ್ ಅಂದರೆ ಕಾಡುಕೋಣವಂತೆ. "ಕೋಣ ಕಟ್ಟೂಕಿಂತ ಒಂದು ಎಮ್ಮಿ ಕಟ್ಟು, ಹಾಲರೆ ಸಿಗತೈತಿ" ಎಂದೆ. ಅವನು ಬಿಡಲಿಲ್ಲ, ನನಗೇ ತಿಳಿಸಿ ಹೇಳಲು ಕೂತ.

"ಅವ್ವಾ, ಯಾರರೆ ತಪ್ಪ ಮಾತಾಡಿದ್ರ ನಿನಗ ಹೆಂಗ ಗೊತ್ತಾಗತೈತಿ?"

"ಕಿವಿಗೆ ಚುಚ್ಚತೈತಿ."

"ಯಂತ್ರಕ್ಕ ಕಿವಿ ಇಲ್ಲ. ಹಿಂಗ ಬಂದ್ರ ಸರಿ, ಹಂಗ ಬಂದ್ರ ತಪ್ಪ ಅಂತ ನಾವು ನಿಯಮ ಬರದು ಕೊಡಬೇಕು. ಈ ಬೈಸನ್ನು ಆ ನಿಯಮ ತಗೊಂಡು, ಮಾತನ್ನ ಓದಿ ತಿಳ್ಕೊಳ್ಳೂ ಪ್ರೋಗ್ರಾಮ ತಾನ ತಯಾರ ಮಾಡಿ ಕೊಡತೈತಿ."

"ಅಂದ್ರ ಇದು ಕೆಲಸ ಮಾಡೂದಿಲ್ಲ. ಕೆಲಸ ಮಾಡೂದನ್ನ ತಂದು ಕೊಡತೈತಿ."

"ಹೂಂ, ಹಂಗ ಅನ್ನು."

"ನಾ ಸೊಸಿ ತಂದಂಗ."

ಒಳಗೆ ಸೊಸೆ ಹಂಚನ್ನು ಒಲೆಯ ಮೇಲೆ ಸ್ವಲ್ಪ ಜೋರಾಗಿಯೇ ಇಟ್ಟಳು. ಬಸು ನಕ್ಕ. ಆಗಿನ್ನೂ ಅವನ ನಗು ಸರಿಯಾಗಿತ್ತು.

ಈ ಸಾಧನಕ್ಕೆ ಹುಕುಂ ಕೊಡುವಾಗ ಅದರ ಹೆಸರಿನ ಮುಂದೆ ಒಂದು ಸಣ್ಣ ಅಡ್ಡಗೆರೆ ಎಳೆದು ಒಂದಕ್ಷರ ಹಚ್ಚುತ್ತಾರೆ. ಗೆರೆಗೆ ಡ್ಯಾಶ್ ಅನ್ನುತ್ತಾರೆ. ಹಿಟ್ಟಿನ ಗಿರಣಿಗೆ ಜೋಳದ ಡಬ್ಬಿ ಕಳಿಸುತ್ತೇವಲ್ಲ, ಹಾಗೆ. ಏನೂ ಹೇಳದಿದ್ದರೆ ಗಿರಣಿಯವನು ತನ್ನ ರೂಢಿಯಂತೆ ರೊಟ್ಟಿಯ ಹಿಟ್ಟು ಬೀಸುತ್ತಾನೆ. ನುಚ್ಚು ಅಂದರೆ ನುಚ್ಚು ಒಡೆದು ಕೊಡುತ್ತಾನೆ. ಜೋಳ ಅದೇ, ಕಲ್ಲು ಅದೇ. ಒಂದು ಮಾತಿನಿಂದ ಬರುವುದು ಬೇರೆ. ಯಾವ ಅಕ್ಷರ ಹಚ್ಚಿದರೆ ಏನು ಬರುತ್ತದೆ ಎಂಬುದನ್ನು ಒಂದೊಂದಾಗಿ ಮಾಡಿ ನೋಡಿ ಬರೆಯುವುದೇ ಅವನ ಪುಸ್ತಕದ ಕೊನೆಯ ಅಧ್ಯಾಯ. ಅದಕ್ಕೆ ಮೊದಲಿನದೆಲ್ಲ ಬರೆದು ಮುಗಿಸಿದ್ದ. ಆ ಒಂದು ಅಧ್ಯಾಯ ಬಾಕಿ ಇರುವಾಗ ಅವನ ಕೈಯಿಂದ ಸೀಮೆಸುಣ್ಣ ಬೀಳತೊಡಗಿತು.

ಮೊದಲು ಬೆರಳು, ಆಮೇಲೆ ಕೈ, ಆಮೇಲೆ ಕಾಲು. ಬೆಳಗಾವಿಯ ಡಾಕ್ಟರು ನರಗಳ ಬೇನೆ ಎಂದರು. ಸ್ನಾಯುಗಳು ಒಣಗುತ್ತಾ ಹೋಗುತ್ತವೆ, ನಾಲಿಗೆಯೂ ಹೋಗುತ್ತದೆ, ಬುದ್ಧಿ ಮಾತ್ರ ಹಾಗೇ ಇರುತ್ತದೆ ಎಂದರು. "ಔಷಧ?" ಎಂದೆ. ಅವರು ಮೇಜಿನ ಮೇಲಿನ ಪೆನ್ನನ್ನು ಅತ್ತಿಂದಿತ್ತ ಇಟ್ಟರು. ಆ ಡಾಕ್ಟರು ಒಳ್ಳೆಯವರೇ. ಸುಳ್ಳು ಹೇಳಿ ಮತ್ತೆ ಬನ್ನಿ ಅನ್ನಲಿಲ್ಲ. ಬರುವಾಗ ಬಸ್ಸಿನಲ್ಲಿ ಬಸು ಒಂದೇ ಮಾತು ಆಡಿದ. "ಬಾಯಿ ಇರೂತನಕ ಪುಸ್ತಕ ಮುಗಿಸಬೇಕು ಅವ್ವಾ."

ಇನ್ನು ಸೊಸೆಯ ಬಗ್ಗೆ ಹೇಳಬೇಕು. ಹೆಸರು ಸುಮಂಗಲಾ. ಮೂಡಲಗಿಯ ಹುಡುಗಿ. ಅಲ್ಲಿ ಟೈಪಿಂಗ್ ಕಲಿತು ಪರೀಕ್ಷೆ ಪಾಸು ಮಾಡಿದ್ದಳು. ಹೆಣ್ಣು ನೋಡಲು ಹೋದಾಗ ಅವಳ ಅಪ್ಪ ಅದನ್ನು ಎಷ್ಟು ಸಲ ಹೇಳಿದರೆಂದರೆ, "ಟೈಪ್ ಇರ್ಲಿ, ರೊಟ್ಟಿ ಬಡಿತಾಳೇನ್ರಿ" ಎಂದು ನಾನು ಕೇಳಬೇಕಾಯಿತು. ರೊಟ್ಟಿಯೂ ಬಡಿಯುತ್ತಿದ್ದಳು, ಸ್ವಲ್ಪ ದಪ್ಪ. ಕಡೆಗೆ ಕೆಲಸಕ್ಕೆ ಬಂದದ್ದು ಆ ಟೈಪಿಂಗೇ. ಕಾಲೇಜಿನವರು ಒಂದು ಹಳೆಯ ಕಂಪ್ಯೂಟರನ್ನು ಮನೆಗೆ ಕೊಟ್ಟು ಕಳಿಸಿದರು. ಕಿಟಕಿಯ ಪಕ್ಕ ಹಾಸಿಗೆ, ಹಾಸಿಗೆಯ ಪಕ್ಕ ಆ ಯಂತ್ರ. ಕರೆಂಟು ಇದ್ದಷ್ಟು ಹೊತ್ತು ಅವನು ಹೇಳುವುದು, ಅವಳು ಬಡಿಯುವುದು. ಕರೆಂಟು ಹೋದಾಗ ಅವಳು ಒಳಗೆ ಬಂದು ರೊಟ್ಟಿ ಬಡಿಯುವುದು. ಅವಳ ಕೈಗೆ ಬಿಡುವೇ ಇರಲಿಲ್ಲ.

ಡ್ಯಾಶ್ ಡಿ ಹಚ್ಚಿದರೆ ಪಕ್ಕದ ಪ್ರೋಗ್ರಾಮುಗಳಿಗೆ ಗುರುತು ಹೇಳುವ ಇನ್ನೊಂದು ಸಣ್ಣ ಫೈಲು ಬರುತ್ತದೆ. ಡ್ಯಾಶ್ ವಿ ಹಚ್ಚಿದರೆ ತಾನು ಒಳಗೊಳಗೆ ಏನು ಮಾಡಿದೆ ಎಂದು ಆ ಸಾಧನ ಉದ್ದಕ್ಕೆ ವರದಿ ಬರೆದಿಡುತ್ತದೆ. ನಮ್ಮ ಮಗ್ಗುಲ ಮನೆಯ ಪದ್ಮಕ್ಕನ ಹಾಗೆ. ಅವರು ಜೈನರು, ಹೊಲ ಇದೆ, ಪೇಟೆಯಲ್ಲಿ ಅಂಗಡಿ ಇದೆ. ಆಕೆ ಪಲ್ಯ ಕೊಡಲು ಬಂದರೆ ಸೊಪ್ಪನ್ನು ಕೊಂಡಲ್ಲಿಂದ ಕಥೆ ಶುರು. ಸಿಟ್ಟು ಬಂದರೆ ಮರಾಠಿಗೆ ಹೊರಳುತ್ತಾಳೆ. ಒಮ್ಮೆ ಆಕೆ ಎದ್ದು ಹೋದ ಮೇಲೆ ಬಸು, "ಈಕೀಗೆ ಯಾರು ಡ್ಯಾಶ್ ವಿ ಹಚ್ಚ್ಯಾರವ್ವಾ" ಎಂದ. ಕಂಪ್ಯೂಟರಿನ ಮಾತು ಕೇಳಿ ನಾನು ಅರ್ಥವಾಗಿ ನಕ್ಕದ್ದು ಅದೇ ಮೊದಲು.

ಡ್ಯಾಶ್ ಬಿ ಅಂದರೆ ಹೊರಗೆ ಬರುವ ಫೈಲುಗಳಿಗೆ ನಾವೇ ಹೆಸರಿಡುವುದು. ಉದಾಹರಣೆಗೆ ಅವನು ತನ್ನ ಹೆಸರನ್ನೇ ಇಡಿಸಿದ. ಬೇಕಂತಲೇ ಇಡಿಸಿದ್ದು. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ ಎಂದು ನಿಮಗೆ ಗೊತ್ತಿದೆ. ಸುಮಂಗಲಾ ಬೆರಳಿನಿಂದ ಬಡಿದಳು, ಅದಕ್ಕೆ ಅಡ್ಡಿಯಿಲ್ಲ. ಬಡಿದದ್ದನ್ನು ಓದಿ ಒಪ್ಪಿಸುವಾಗ ನಿಂತಳು.

"ಓದು" ಎಂದ.

"ಬೈಸನ್, ಡ್ಯಾಶ್ ಬಿ, ನಿಮ್ಮದು."

"ನಿಮ್ಮದು ಅಂತ ಯಂತ್ರಕ್ಕ ತಿಳಿಯೂದಿಲ್ಲ."

"ಯಂತ್ರಕ್ಕ ಬರದು ಕೊಟ್ಟೇನಿ. ನಿಮಗ ತಿಳೀತಲ್ಲ, ಸಾಕು."

ಪಾತ್ರೆ ತಿಕ್ಕುತ್ತಾ ಕೂತಿದ್ದ ನಾನು, "ಬಸವರಾಜ, ಬಸವರಾಜ, ಬಸವರಾಜ. ಮುಂದ ನಡೀರಿ" ಎಂದೆ. ಆಮೇಲೆ ಅದೇ ಪದ್ಧತಿಯಾಯಿತು. ಅವಳು ಓದುತ್ತಾ ಬಂದು ಹೆಸರಿನ ಬಳಿ ನಿಲ್ಲುವುದು, ನಾನು ಎಲ್ಲಿದ್ದರೂ ಅಲ್ಲಿಂದ ಹೆಸರು ಒಗೆಯುವುದು. ಹಿತ್ತಲಲ್ಲಿ ಬಟ್ಟೆ ಹಿಂಡುತ್ತಾ ನಾನು ಮಗನ ಹೆಸರು ಕೂಗಿದರೆ ಓಣಿಯವರು ನನಗೆ ತಲೆ ಕೆಟ್ಟಿದೆ ಅಂದುಕೊಂಡರು.

ನಾಲಿಗೆ ದಪ್ಪವಾಗುತ್ತಾ ಬಂತು. ಘಟಪ್ರಭಾದಲ್ಲಿ ನನ್ನ ಮಗಳು ಶೋಭಾಳ ಮನೆ. ಬಸುವಿಗಿಂತ ಚಿಕ್ಕವಳು, ಅಣ್ಣ ಅಂದರೆ ಜೀವ. ಹಟ ಹಿಡಿದು ಅವನನ್ನು ಕರೆಸಿಕೊಂಡು ಧುಪದಾಳಕ್ಕೆ ನೀರು ನೋಡಲು ಒಯ್ದಳು. ಒಡ್ಡಿನ ಮೇಲಿನಿಂದ ನೀರು ಬಿಳಿಯಾಗಿ ಇಳಿಯುತ್ತಿತ್ತು. ಅವನನ್ನು ಟೆಂಪೋದಲ್ಲೇ ಕೂಡಿಸಿ ಬಾಗಿಲು ತೆರೆದಿಟ್ಟಿದ್ದೆವು. ಅವನು ಏನೋ ಹೇಳುವನು, ಶೋಭಾಗೆ ತಿಳಿಯದು, ತಿಳಿಯಲಿಲ್ಲ ಅನ್ನಲು ಮನಸ್ಸು ಬಾರದು. ಎಲ್ಲದಕ್ಕೂ "ಹೂಂ ಅಣ್ಣಾ" ಅನ್ನುತ್ತಿದ್ದಳು. ಅವನಿಗೆ ಅದು ಗೊತ್ತಾಯಿತು. ನನ್ನ ಕಡೆ ನೋಡಿ, ಅವಳಿಗೆ ಏನೋ ಕೇಳಿದ.

"ಹೂಂ ಅಣ್ಣಾ" ಎಂದಳು.

ನಾನು ಮತ್ತು ಸುಮಂಗಲಾ ನಗು ತಡೆಯಲಾಗದೆ ಸೆರಗು ಬಾಯಿಗೆ ಹಿಡಿದೆವು. "ನೀ ಕತ್ತೀ ಏನು ಅಂತ ಕೇಳಿದ, ನೀ ಹೂಂ ಅಂದಿ" ಎಂದು ನಾನು ಹೇಳಿದೆ. ಕತ್ತೆ ಅನ್ನಿಸಿಕೊಂಡ ಶೋಭಾ ಅಣ್ಣನ ಬೆನ್ನಿಗೆ ಮೆತ್ತಗೆ ಗುದ್ದಿದಳು. ಗುದ್ದಿದ ಕೈಯನ್ನು ಹಾಗೇ ಅಲ್ಲಿ ಇಟ್ಟುಕೊಂಡು ಅತ್ತಳು. ಬೆನ್ನಲ್ಲಿ ಎಲುಬು ಬಿಟ್ಟರೆ ಏನೂ ಉಳಿದಿರಲಿಲ್ಲ.

ಅಲ್ಲಿಂದ ಬಂದ ಮೇಲೆ ಕೆಲಸ ಕಠಿಣವಾಯಿತು. ಡಿ ಅಂದರೂ ಬಿ ಅಂದರೂ ಟಿ ಅಂದರೂ ಅವನ ಬಾಯಲ್ಲಿ ಒಂದೇ ಸಪ್ಪಳ. ಒಂದಕ್ಷರದ ಮೇಲೆ ಎಲ್ಲ ನಿಂತಿರುವಾಗ ಅದು ನಡೆಯುವಂಥದ್ದಲ್ಲ. ಒಂದು ದಿನ ಸುಮಂಗಲಾ ಎದ್ದು ಒಳಗೆ ಹೋಗಿ ಪಾತ್ರೆಗಳನ್ನು ತಂದು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಡಿಗೆ ಡಬ್ಬಿ, ವಿಗೆ ವಾಟಿ, ಬಿಗೆ ಬುಟ್ಟಿ, ಟಿಗೆ ತಂಬಿಗೆ. ಓ ಅನ್ನಲು ಒಳಕಲ್ಲು ಬಿಟ್ಟರೆ ಏನೂ ಸಿಗಲಿಲ್ಲ, ಅದನ್ನು ಕಟ್ಟೆಗೆ ಏರಿಸುವ ಶಕ್ತಿ ನಮ್ಮಿಬ್ಬರಿಗೂ ಇರಲಿಲ್ಲ. ಕೊಡದ ಕೆಳಗಿಡುವ ಸಿಂಬಿ ಇಟ್ಟೆವು, ಆ ಅಕ್ಷರವೂ ಹಾಗೇ ದುಂಡಗಿರುತ್ತದಂತೆ. ಕಡೆಗೆ ಪಿಗೆ ಪರಾತ, ಗೋಡೆಗೆ ಆನಿಸಿ ನಿಲ್ಲಿಸಿದ್ದು. ಅವನು ಯಾವ ಪಾತ್ರೆಯನ್ನು ನೋಡುತ್ತಾನೋ ಆ ಅಕ್ಷರ. ಅವಳು ಸಾಧನಕ್ಕೆ ಅದನ್ನು ಹಚ್ಚಿ ಓಡಿಸುವಳು, ಬಂದದ್ದನ್ನು ಓದುವಳು, ಬರೆಯಬೇಕಾದ ಸಾಲನ್ನು ತಾನೇ ಕಟ್ಟಿ ಹೇಳುವಳು. ಸರಿಯಿದ್ದರೆ ಅವನು ಕಣ್ಣು ಮುಚ್ಚಿ ತೆರೆಯುವನು. ತಪ್ಪಿದ್ದರೆ ಕಣ್ಣು ಬಿಟ್ಟೇ ಇರುವನು.

ನೋಡಲು ಬಂದವರಿಗೆ ಇದು ಸೋಜಿಗ. "ರೋಗಿ ಕೋಣ್ಯಾಗ ತಂಬಿಗಿ, ಬುಟ್ಟಿ ಯಾಕ? ಯಾರರೆ ಮಾಟ ತಗ್ಯಾಕ ಹೇಳ್ಯಾರೇನು?" ಎಂದು ಒಬ್ಬಾಕೆ ಕೇಳಿದಳು. ಹೌದು ಎಂದೆ. ಖರೆ ಹೇಳಿದರೆ ಕೂತು ಕೇಳುತ್ತಿದ್ದಳು. ನನ್ನ ಅಡುಗೆಮನೆ ಮಾತ್ರ ಬರಿದಾಯಿತು. ಸಾರಿಗೆ ಕಾರ ಹಾಕಲು ಹೋದರೆ ಕಾರದ ಡಬ್ಬಿ ಡಿ ಆಗಿ ಕೂತಿರುತ್ತಿತ್ತು.

ಹೀಗೆ ಒಂದೊಂದೇ ಮುಗಿಯುತ್ತಾ ಬಂತು. ಪಿ ಒಂದನ್ನು ಅವನು ಕಡೆಗೆ ಇಟ್ಟಿದ್ದ. ಮಾತು ಇರುವಾಗಲೇ, "ಪಿ ಕಡೀಕ ಇರ್ಲಿ" ಎಂದಿದ್ದ. ಅದರ ಅರ್ಥವನ್ನೂ ಆಗಲೇ ಹೇಳಿದ್ದ. ಈ ಸಾಧನ ತಾನು ಮಾಡಿಕೊಡುವ ಎಲ್ಲದಕ್ಕೂ ಒಂದೇ ಮನೆತನದ ಹೆಸರು ಹಚ್ಚುತ್ತದಂತೆ. ಒಂದೇ ಇದ್ದರೆ ತೊಂದರೆಯಿಲ್ಲ. ಅಂಥ ಎರಡನ್ನು ಒಂದೇ ಕಡೆ ಕೂಡಿಸಿದರೆ ಯಾವುದು ಯಾವುದೆಂದು ತಿಳಿಯದೆ ಜಗಳ. ಆಗ ಡ್ಯಾಶ್ ಪಿ ಹಚ್ಚಿ ಒಂದರ ಹೆಸರು ಬದಲಿಸಬೇಕು. "ನಮ್ಮ ಮನ್ಯಾಗ ಮಾಡಿದಂಗ" ಎಂದಿದ್ದ.

ನಮ್ಮ ಮನೆಯಲ್ಲಿ ಮಾಡಿದ್ದು ಇಷ್ಟು. ಸುಮಂಗಲಾಳ ತವರಿನ ಹೆಸರು ಶೋಭಾ. ನನ್ನ ಮಗಳೂ ಶೋಭಾ, ಆಗಿನ್ನೂ ಅವಳ ಲಗ್ನ ಆಗಿರಲಿಲ್ಲ. ಒಂದು ಮನೆಯಲ್ಲಿ ಇಬ್ಬರು ಶೋಭಾ ಆಗುವುದಿಲ್ಲ, ಸೊಸೆಯ ಹೆಸರು ಬದಲಿಸುವ ಪದ್ಧತಿಯೂ ಉಂಟು. ಸುಮಂಗಲಾ ಎಂದು ನಾನೇ ಆರಿಸಿದೆ. "ಆಕಿಗೆ ಕೇಳಿಯೇನವ್ವಾ?" ಎಂದು ಬಸು ಅಂದ. "ಕೇಳೂದೇನೈತಿ, ನನಗ ಯಾರು ಕೇಳಿದ್ರು" ಎಂದೆ. ಮೂಡಲಗಿಯ ಮದುವೆ ಮಾಂಡವದಲ್ಲಿ ತಾಟಿನ ತುಂಬ ಅಕ್ಕಿ ಹರವಿ, ಉಂಗುರದಿಂದ ಅವನ ಕೈಯಲ್ಲೇ ಆ ಹೆಸರು ಬರೆಸಿದೆವು. ಹುಡುಗಿ ತಲೆ ತಗ್ಗಿಸಿ ಓದಿದಳು. ಅಂದಿನಿಂದ ಅವಳು ತನ್ನ ಹೆಸರು ಹಿಡಿದು ನಾದಿನಿಯನ್ನು ಶೋಭಕ್ಕಾ ಎಂದು ಕರೆಯತೊಡಗಿದಳು. ವಯಸ್ಸಿನಲ್ಲಿ ಚಿಕ್ಕವಳಾದರೂ ನಾದಿನಿ ನಾದಿನಿಯೇ. ಇದರಲ್ಲಿ ಯಾರಿಗೂ ಏನೂ ಅನ್ನಿಸಲಿಲ್ಲ. ಅನ್ನಿಸಿದ್ದರೆ ನನಗೆ ಹೇಳಲಿಲ್ಲ.

ಇಷ್ಟರಲ್ಲಿ ಪದ್ಮಕ್ಕನ ಮಗಳಿಗೆ ಕುಬಸದ ಕಾರ್ಯ ಬಂತು. ಚೊಚ್ಚಲ ಬಸುರಿ, ಹೋಳಿಗೆಯ ಊಟ. ಪದ್ಮಕ್ಕ ಪರಾತ ಕೇಳಲು ಬಂದಳು.

"ಗಂಗಕ್ಕಾ, ಕಣಕ ನಾದಾಕ ನಮ್ಮವು ಸಾಲೂದಿಲ್ರಿ. ತತ್ತಿ ಗಿತ್ತಿ ಮುಟ್ಟದ ಪಾತ್ರಿ ಅಂದ್ರ ಈ ಓಣ್ಯಾಗ ನಿಮ್ಮ ಮನೀದೊಂದ. ಎರಡು ದಿನ ಕೊಡ್ರಿ."

ಪಾತ್ರೆ ಕೇಳಿದರೆ ಇಲ್ಲ ಅನ್ನುವ ಪದ್ಧತಿ ನಮ್ಮ ಓಣಿಯಲ್ಲಿಲ್ಲ. ಸುಮಂಗಲಾ ನೀರಿಗೆ ಹೋಗಿದ್ದಳು. ಬಸು ಮಲಗಿದ್ದ. ನಾನು ಕಿಟಕಿಯ ಕಟ್ಟೆಯಿಂದ ಪರಾತ ತೆಗೆದು ಕೊಟ್ಟೆ.

ಆ ದಿನ ಬಸು ಎಚ್ಚರಾದಾಗಿನಿಂದ ಕಿಟಕಿಯ ಕೊನೆಯ ಮೂಲೆಯನ್ನೇ ನೋಡತೊಡಗಿದ. ಕರೆಂಟು ಇತ್ತು. ಸುಮಂಗಲಾ ಯಂತ್ರದ ಮುಂದೆ ಕೂತು ಹಿಂದಿರುಗಿ ನೋಡಿದರೆ, ಅವನು ಯಾವ ಪಾತ್ರೆಯನ್ನೂ ನೋಡುತ್ತಿಲ್ಲ, ಗೋಡೆ ನೋಡುತ್ತಿದ್ದಾನೆ.

"ಬಿಸಲ ಬಡ್ಯಾಕತ್ತೇತಿ ಕಾಣತೈತಿ" ಎಂದು ಅವಳು ಕಿಟಕಿಯ ಬಾಗಿಲು ಎಳೆದಳು. ಅವನು ಕಣ್ಣು ಬಿಟ್ಟೇ ಇದ್ದ, ಅಂದರೆ ಅದಲ್ಲ. ತೆರೆದಳು. ಅದೂ ಅಲ್ಲ. ಹೊರಗೆ ಯಾರಾದರೂ ನಿಂತಿದ್ದಾರೇನೋ ಎಂದು ನಾನು ಹೋಗಿ ನೋಡಿ ಬಂದೆ, ಒಂದು ಮೇಕೆ ಇತ್ತು, ಓಡಿಸಿದೆ. ಹೊದಿಕೆ ಸರಿಪಡಿಸಿದೆವು. ಬೆನ್ನು ತುರಿಸುತ್ತದೇನೋ ಎಂದು ಮಗ್ಗುಲು ಹೊರಳಿಸಿದೆವು. ಹೊರಳಿಸಿದಾಗ ಕಿಟಕಿ ಹಿಂದೆ ಆಯಿತು. ಅವನ ಗಂಟಲಿನಿಂದ ಬಂದ ಸಪ್ಪಳ ಕೇಳಿ ಮತ್ತೆ ಈ ಕಡೆ ಹೊರಳಿಸಿದೆವು. ಮತ್ತೆ ಅದೇ ಮೂಲೆ. ಸಂಜೆಯ ಹೊತ್ತಿಗೆ ಕಣ್ಣಿನ ಅಂಚಿನಿಂದ ನೀರು ಇಳಿದು ಕಿವಿಯೊಳಗೆ ಹೋಗುತ್ತಿತ್ತು. ಸುಮಂಗಲಾ ಒರೆಸಿದಳು. ಅಂಗಳಕ್ಕೆ ಬಂದು ನನ್ನ ಮುಂದೆ ನಿಂತಳು.

"ಅತ್ತಿಯವ್ರ, ಬುದ್ಧಿನೂ ಹೊಂಟೈತೇನ್ರಿ?"

"ಡಾಕ್ಟರ ಅದು ಹೋಗೂದಿಲ್ಲ ಅಂದಾರ."

"ಮತ್ತ ಪಾತ್ರಿ ಯಾಕ ನೋಡವಲ್ರು?"

ಮರುದಿನ ಅವನಿಗೆ ಮೈ ಬೆಚ್ಚಗಾಯಿತು, ಎದೆಯಲ್ಲಿ ಕಫ ಗುರುಗುಟ್ಟತೊಡಗಿತು. ಆದರೂ ಕಣ್ಣು ಆ ಮೂಲೆಯನ್ನು ಬಿಡಲಿಲ್ಲ. ಸುಮಂಗಲಾ ಯಂತ್ರದ ಮೇಲೆ ಬಟ್ಟೆ ಹೊದಿಸಿಬಿಟ್ಟಳು. ಪುಸ್ತಕ ಅಷ್ಟಕ್ಕೇ ನಿಂತಿತು ಎಂದು ನಾವಿಬ್ಬರೂ ತಿಳಿದೆವು.

ಅದರ ಮರುದಿನ ಪದ್ಮಕ್ಕ ಪರಾತ ತಂದಳು. ಒಯ್ದ ಪಾತ್ರೆಯನ್ನು ಬರಿದು ತಂದು ಕೊಡಬಾರದೆಂದು ಅದರಲ್ಲಿ ಹೋಳಿಗೆ ಇಟ್ಟುಕೊಂಡು, ರೋಗಿಯನ್ನೂ ನೋಡಿದಂತಾಗಲಿ ಎಂದು ಸೀದಾ ಒಳಗೆ ಬಂದಳು. "ಎಲ್ಲಿಂದ ತಗದು ಕೊಟ್ರೋ ಅಲ್ಲೇ ಇಡ್ತೀನ್ರಿ" ಎಂದು ಹೋಳಿಗೆಯನ್ನು ಒಂದು ತಾಟಿಗೆ ಹಾಕಿ, ಪರಾತವನ್ನು ಸೆರಗಿನಿಂದ ಒರೆಸಿ, ಕಿಟಕಿಯ ಆ ಮೂಲೆಯಲ್ಲಿ ಗೋಡೆಗೆ ಆನಿಸಿದಳು.

ಬಸು ಕಣ್ಣು ಮುಚ್ಚಿ ತೆರೆದ. ಮತ್ತೆ ಮುಚ್ಚಿ ತೆರೆದ.

ಸುಮಂಗಲಾ ಪರಾತವನ್ನೂ ಅವನನ್ನೂ ನೋಡಿದಳು. "ಇಲ್ಲದ್ದನ್ನ ನೋಡಾಕತ್ತಿದ್ರು ಅತ್ತಿಯವ್ರ. ಇಲ್ಲದ್ದನ್ನ ನೋಡಾಕತ್ತಿದ್ರು" ಎಂದು ಹಣೆ ಬಡಿದುಕೊಂಡು ಅತ್ತಳು.

"ಅಗಬಾಯಿ, ನನ್ನ ಹೋಳಿಗಿ ನೋಡಿ ಯಾಕ ಅಳಾಕತ್ತಾಳ ಈಕಿ" ಎಂದು ಪದ್ಮಕ್ಕ ಗಾಬರಿಯಾದಳು. ಆಕೆಗೆ ಏನೆಂದು ಹೇಳುವುದು. ನಂತರ ಹೇಳುತ್ತೇನೆಂದು ಕಳಿಸಿದೆ.

ಸುಮಂಗಲಾ ಯಂತ್ರದ ಮೇಲಿನ ಬಟ್ಟೆ ತೆಗೆದಳು. ಕರೆಂಟು ಹೋಗದಿರಲಿ ಎಂದು ನಾನು ದೇವರಿಗೆ ಅಂದುಕೊಂಡೆ. ನಾನು ಹಾಗೆ ಬೇಡಿಕೊಳ್ಳುವವಳಲ್ಲ. ಡ್ಯಾಶ್ ಪಿ ಬಡಿದಳು. ಅದರ ಮುಂದೆ ಒಂದು ಹೆಸರು ಬೇಕು. "ಯಾವ ಹೆಸರ್ರಿ?" ಎಂದಳು. ಕಿಟಕಿಯಲ್ಲಿ ಹೆಸರು ಹೇಳುವ ಪಾತ್ರೆ ಇರಲಿಲ್ಲ. ನಾನು ಅವನ ಮುಖದ ಎದುರಿಗೆ ಕೂತೆ. "ನಾ ಒಂದೊಂದ ಅಕ್ಷರ ಅಂತೇನಿ. ನಿನಗ ಬೇಕಾದ್ದು ಬಂದಾಗ ಕಣ್ಣ ಮುಚ್ಚು" ಎಂದೆ. ಅ ಆ ಇ ಈ ಎಂದು ಶುರುಮಾಡಿದೆ. ಕ ಖ ದಾಟಿತು, ಪ ಫ ದಾಟಿತು. ಉಸಿರು ಬಿಡದೆ ಹೇಳುವ ಕಾಲ ಹೋಗಿತ್ತು, ನಿಲ್ಲಿಸಿ ನಿಲ್ಲಿಸಿ ಹೇಳಿದೆ. ಶ ಅಂದಾಗ ಕಣ್ಣು ಮುಚ್ಚಿದ. ಶ ಶಾ ಶಿ ಶೀ ಎಂದು ಕಾಗುಣಿತಕ್ಕೆ ಹೊರಳಿದೆ. ಶೋ ಅಂದಾಗ ಮುಚ್ಚಿದ. ಮತ್ತೆ ಮೊದಲಿನಿಂದ. ಭ. ಭಾ.

ಸುಮಂಗಲಾಳ ಬೆರಳು ಗುಂಡಿಗಳ ಮೇಲೆ ನಿಂತಿತು. ಅವಳ ಬೆನ್ನು ನಮ್ಮ ಕಡೆಗಿತ್ತು.

"ತಂಗೀದೇನೋ?" ಎಂದೆ.

ಕಣ್ಣು ಬಿಟ್ಟೇ ಇದ್ದ.

"ಹೆಂಡ್ತೀದ?"

ಕಣ್ಣು ಮುಚ್ಚಿದ.

"ಆಕೀದ ಅಂತ" ಎಂದು ಹೇಳಿದೆ. ಅವಳು ತಿರುಗಿ ನೋಡಲಿಲ್ಲ. ಆ ಹೆಸರನ್ನು ಬಡಿಯಲು ಅವಳಿಗೆ ಬಹಳ ಹೊತ್ತು ಹಿಡಿಯಿತು, ಅಷ್ಟು ಬೇಗ ಟೈಪ್ ಮಾಡುವವಳಿಗೆ. ಯಂತ್ರ ಗುರ್ ಅಂದಿತು. ಪರದೆಯ ಮೇಲೆ ಸಾಲುಗಳು ಬಂದವು. ಒಳಗೆ ಎಲ್ಲ ಹೆಸರಿನ ಮುಂದೆಯೂ ಶೋಭಾ ಎಂದು ಬಂದಿದೆ ಎಂದು ಓದಿ ಹೇಳಿದಳು. ದನಿ ಸಪಾಟಾಗಿತ್ತು. ಬರೆಯಬೇಕಾದ ಸಾಲುಗಳನ್ನು ಕಟ್ಟಿ ಹೇಳಿದಳು. ಅವನು ಪ್ರತಿಯೊಂದಕ್ಕೂ ಕಣ್ಣು ಮುಚ್ಚಿದ. ಆಮೇಲೆ ಕಿಟಕಿಯ ಕಡೆ ನೋಡಲೇ ಇಲ್ಲ.

ಶ್ರಾವಣದಲ್ಲಿ ಹೋದ. ಅದರ ಬಗ್ಗೆ ಬರೆಯುವುದಿಲ್ಲ.

ಹುಕ್ಕೇರಿಯಲ್ಲಿ ಅವನ ಜೊತೆ ಕಲಿಸುತ್ತಿದ್ದವರು ಪುಸ್ತಕವನ್ನು ಝೆರಾಕ್ಸ್ ಮಾಡಿಸಿ, ಹೊಲಿಸಿ, ಹುಡುಗರಿಗೆ ಹಂಚಿದರು. ನಮಗೂ ಒಂದು ಕಟ್ಟು ಕಳಿಸಿದರು. ಆ ಸಾಧನದ ಹೊಸ ನಮೂನೆಗಳು ಬಂದಿವೆಯಂತೆ, ಈಗ ಆ ಪುಸ್ತಕ ಯಾರಿಗೂ ಬೇಕಾಗಿರಲಿಕ್ಕಿಲ್ಲ. ಆಗ ಬೇಕಾಗಿತ್ತು. ಆ ವರ್ಷ ಹುಡುಗರು ಪಾಸಾದರು ಎಂದು ಹೇಳಿದರು. ಖರೆಯೋ, ನನ್ನ ಸಮಾಧಾನಕ್ಕೋ, ಕೇಳಲಿಲ್ಲ.

ಕಟ್ಟು ಬಂದ ದಿನ ಶೋಭಾ ಘಟಪ್ರಭಾದಿಂದ ಬಂದಿದ್ದಳು. ಹೊರಗಿನ ಕಟ್ಟೆಯ ಮೇಲೆ ಕೂತು ಒಂದು ಪ್ರತಿ ತೆಗೆದು ತಿರುವಿದಳು. ಅವಳಿಗೂ ಅದರ ತಲೆಬುಡ ತಿಳಿಯದು, ಕನ್ನಡ ಅಕ್ಷರ ಇದ್ದಲ್ಲಿ ಓದುತ್ತಾ ಹೋದಳು. ಕೊನೆಯ ಪುಟಕ್ಕೆ ಬಂದು ಅವಳ ಬೆರಳು ನಿಂತಿತು.

"ಅವ್ವಾ, ಇಲ್ಲಿ ನೋಡು. ನನ್ನ ಹೆಸರ ಐತಿ. ಅಣ್ಣ ಕಡೇ ಪಾನದಾಗ ನನ್ನ ಹೆಸರ ಹಾಕ್ಯಾನ."

ಸುಮಂಗಲಾ ಬಾಗಿಲಲ್ಲಿ ಚಹಾದ ಕಪ್ಪು ಹಿಡಿದು ನಿಂತಿದ್ದಳು.

"ಹೌದಲ್ರಿ ವೈನಿ? ನೀವ ಬರಕೊಂಡವ್ರು. ಅಣ್ಣ ನನ್ನ ಹೆಸರ ಹೇಳಿದ್ನ?"

ಸುಮಂಗಲಾ ಚಹಾ ಅವಳ ಮುಂದೆ ಇಟ್ಟಳು. "ಹೌದ್ರಿ ಶೋಭಕ್ಕಾ. ಅವ್ರ ಹೇಳಿ ಬರೆಸ್ಯಾರ" ಎಂದಳು.

ಶೋಭಾ ಆ ಪುಟವನ್ನು ಎದೆಗೆ ಒತ್ತಿಕೊಂಡು ಅತ್ತಳು. ಧುಪದಾಳದ ಮಾತು ತೆಗೆದಳು. ಅಣ್ಣ ಏನಂದರೂ ತಿಳಿಯದೆ ಹೂಂ ಅಂದೆನಲ್ಲ ಎಂದಳು. ನಾನು ಎದ್ದು ಒಳಗೆ ಬಂದೆ. ಸುಮಂಗಲಾ ನೀರಿನ ಕೊಡದ ಬಳಿ ನಿಂತಿದ್ದಳು.

"ಯಾಕ ಹೇಳ್ಲಿಲ್ಲ?" ಎಂದೆ.

"ಆಕೀಗೆ ಬ್ಯಾರೆ ಏನೂ ಸಿಕ್ಕಿಲ್ರಿ ಅತ್ತಿಯವ್ರ. ನನಗ ಅವ್ರ ಹೇಳಿ ಹೋಗ್ಯಾರಲ್ಲ, ಸಾಕು."

ನಾನು ಒಲೆಯ ಮುಂದೆ ಕೂತು ರೊಟ್ಟಿಗೆ ಹಿಟ್ಟು ಕಲಸಿದೆ. ನೀರು ಸಾಲಲಿಲ್ಲ. ಅವಳನ್ನು ಕರೆಯಲು ಬಾಯಿ ತೆರೆದೆ. ನಾಲಿಗೆಯ ತುದಿಗೆ ಶೋಭಾ ಎಂದೇ ಬಂದಿತ್ತು. ಕರೆದಿದ್ದರೆ ಕಟ್ಟೆಯ ಮೇಲೆ ಅಳುತ್ತಾ ಕೂತವಳು ಓ ಅನ್ನುತ್ತಿದ್ದಳು.

"ಸುಮಂಗಲಾ, ನೀರ ತಾ" ಎಂದೆ.

ತಂದಳು.